ಬೆಸ ಗೆರೆ, ಸಮ ಗೆರೆ

ಧಾರೆ ಮುಗಿದ ಮಂಟಪಕ್ಕೆ ಒಂದು ವಾಸನೆ ಇದೆ. ನೆಂಟರೆಲ್ಲ ಸಾಲಾಗಿ ಬಂದು ಹೆಣ್ಣು ಗಂಡಿನ ಕೈಮೇಲೆ ಬಿಟ್ಟ ಹಾಲು ತಟ್ಟೆ ತುಂಬಿ, ಹೊರಚೆಲ್ಲಿ, ಕೆಳಗಿನ ಕೆಂಪು ಮ್ಯಾಟಿಗೆ ಇಳಿದು, ವಿಡಿಯೋ ಲೈಟಿನ ಕಾವಿಗೆ ಅಲ್ಲೇ ಹುಳಿಯಾಗುತ್ತದೆ. ಅದರ ಜೊತೆಗೆ ತುಳಿದ ಸೇವಂತಿಗೆ, ಆರಿದ ಕರ್ಪೂರ. ಹೋದ ವಾರ ಸೂಲಿಬೆಲೆಯಲ್ಲಿ ಒಂದು ಮದುವೆ ಮುಗಿಸಿ ವೈರು ಸುತ್ತುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ವರ್ಷದಿಂದ ಕುಡಿದ ವಾಸನೆ ಅದು. ಆದರೂ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದೇ ಒಂದು ಸೀಸನ್ನು, ನೆನಪಾದಾಗಲೆಲ್ಲ ಬರುವುದು ಸಿಟ್ಟು. ಹಳೆಯದಾದರೆ ಸಿಟ್ಟು ಕರಗುತ್ತದೆ ಅನ್ನುತ್ತಾರೆ. ನನ್ನದು ಕರಗಿಲ್ಲ. ಕರಗಲಿ ಎಂಬ ಆಸೆಯೂ ನನಗಿಲ್ಲ.

ರೋಗ ಬಂದು ಛತ್ರಗಳಿಗೆಲ್ಲ ಬೀಗ ಬಿದ್ದಿತ್ತಲ್ಲ, ಆ ಬೀಗ ತೆಗೆದ ಮೇಲಿನ ಮಾಘ ಮಾಸ ಅದು. ನಿಂತುಹೋಗಿದ್ದ ಮದುವೆಗಳೆಲ್ಲ ಒಟ್ಟಿಗೆ ಎದ್ದು ಬಂದಿದ್ದವು. ಒಂದೇ ಮುಹೂರ್ತಕ್ಕೆ ದೊಡ್ಡಬಳ್ಳಾಪುರದ ಎಲ್ಲ ಛತ್ರಗಳೂ ತುಂಬಿ, ಶಾಲೆಯ ಮೈದಾನಗಳಲ್ಲಿ ಶಾಮಿಯಾನ ಎದ್ದಿತ್ತು. ಬೆಳಗಿನ ಮಂಜಿನಲ್ಲಿ ನಂದಿಬೆಟ್ಟ ಕಾಣುತ್ತಿರಲಿಲ್ಲ. ಸ್ಕೂಟರಿನ ಮುಂದೆ ಕ್ಯಾಮೆರಾ ಚೀಲ, ಹಿಂದೆ ಸ್ಟ್ಯಾಂಡು ಕಟ್ಟಿಕೊಂಡು ಹೋಗುವಷ್ಟರಲ್ಲಿ ಬೆರಳು ಮರಗಟ್ಟಿ ಗುಂಡಿ ಒತ್ತಲು ಬರುತ್ತಿರಲಿಲ್ಲ. ಒಲೆಯ ಹತ್ತಿರ ನಿಂತು ಕೈ ಕಾಯಿಸಿಕೊಂಡರೆ ಅಡುಗೆಯವರು ಒಂದು ಲೋಟ ಕಾಫಿ ಕೊಟ್ಟು, 'ವಿಡಿಯೋದಲ್ಲಿ ನಮ್ಮನ್ನೂ ಒಂದ್ಸಲ ಹಿಡೀರಣ್ಣ' ಅನ್ನುತ್ತಿದ್ದರು. ಹಿಡಿಯುತ್ತಿದ್ದೆ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ದೊಡ್ಡಬಳ್ಳಾಪುರದ ಪವರ್‌ಲೂಮಿನಲ್ಲಿ ಸೀರೆ ನೇಯ್ದೆ, ಅದು ಬಿಟ್ಟು ಮದುವೆಗಳಲ್ಲಿ ಇನ್ನೊಬ್ಬರ ಕ್ಯಾಮೆರಾಗೆ ಲೈಟು ಹಿಡಿದೆ, ಲೈಟು ಹಿಡಿಯುತ್ತಲೇ ಕ್ಯಾಮೆರಾ ಕಲಿತೆ, ಕೊನೆಗೆ ಸ್ವಂತ ಕ್ಯಾಮೆರಾ ಕೊಂಡೆ. ಯಾರೂ ಕೊಡಿಸಿದ್ದಲ್ಲ, ಯಾರ ಶಿಫಾರಸೂ ಇಲ್ಲ. ತೂಬಗೆರೆಯಿಂದ ಸೂಲಿಬೆಲೆವರೆಗೆ 'ವಿಡಿಯೋ ಮುನಿರಾಜಣ್ಣ' ಅಂದರೆ ಮನೆ ತೋರಿಸುತ್ತಾರೆ. ಮುಹೂರ್ತಕ್ಕೆ ಪುರೋಹಿತರು ತಡವಾಗಿ ಬಂದದ್ದುಂಟು, ನಾನು ತಡವಾಗಿ ಹೋದದ್ದಿಲ್ಲ. ನನ್ನ ಕೆಲಸ ತೆಗೆಯುವುದು. ತೆಗೆದದ್ದನ್ನು ಬೆಂಗಳೂರಿನ ಒಂದು ಮಿಕ್ಸಿಂಗ್ ಲ್ಯಾಬಿಗೆ ಕೊಡುವುದು. ಅಲ್ಲಿ ಸತೀಶ ಎಂಬವನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಡಿವಿಡಿ ಮಾಡಿಕೊಡುತ್ತಿದ್ದ. ನಮ್ಮ ಕಡೆಯ ವಿಡಿಯೋದವರು ಬಹಳ ಜನ ಅವನ ಹತ್ತಿರವೇ ಹೋಗುತ್ತಿದ್ದರು.

ಆ ಸೀಸನ್ನಿನಲ್ಲಿ ಒಂದು ಬದಲಾವಣೆ ಆಗಿತ್ತು. ಡಿವಿಡಿ ಯಾರಿಗೂ ಬೇಕಿರಲಿಲ್ಲ. ಕೊಟ್ಟರೆ ತೆಗೆದುಕೊಂಡು ಹೋಗಿ ದ್ರಾಕ್ಷಿ ತೋಟದಲ್ಲಿ ಹಕ್ಕಿ ಬೆದರಿಸಲು ನೇತುಹಾಕುತ್ತಿದ್ದರು. ಎಲ್ಲರೂ ಕೇಳುತ್ತಿದ್ದದ್ದು ಪೆನ್‌ಡ್ರೈವು, ಎಲ್ಲರ ಬಾಯಲ್ಲೂ ಫೋನಿಗೆ ಕಳಿಸಿ ಅನ್ನುವ ಮಾತು. ಸತೀಶ ಫೋನಿಗೆ ಬೇಕಾದ ಹಾಗೆ ಸಣ್ಣ ಮಾಡಿ ಕೊಟ್ಟ. ನಾನು ಹಂಚಿದೆ.

ತೂಬಗೆರೆಯ ಗೌರಕ್ಕನ ಮಗಳು ರೂಪಳ ಮದುವೆ ಆ ಮಾಘದಲ್ಲೇ ಆಯಿತು. ಗೌರಕ್ಕನಿಗೂ ಅವಳ ತಮ್ಮ ಕೆಂಪಣ್ಣನಿಗೂ ಮಾತು ನಿಂತು ಬಹಳ ದಿನವಾಗಿತ್ತು. ದೇವನಹಳ್ಳಿ ಕಡೆ ತವರಿನ ಹೊಲ ಮಾರುವಾಗ ಅಕ್ಕ ಸಹಿ ಹಾಕಲಿಲ್ಲ ಅನ್ನುವುದು ತಮ್ಮನ ಸಿಟ್ಟು, ತನ್ನನ್ನು ಕೇಳದೆ ಮಾರಾಟದ ಮಾತು ಮುಗಿಸಿಕೊಂಡು ಬಂದ ಅನ್ನುವುದು ಅಕ್ಕನ ಸಿಟ್ಟು. ಆದರೆ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅದಕ್ಕೆ ಬೇರೆಯವರನ್ನು ನಿಲ್ಲಿಸಿದರೆ ಊರು ನಗುತ್ತದೆ. ಕೆಂಪಣ್ಣ ಬಂದ. ಬಿಳಿ ಪಂಚೆ, ಹೊಸ ಟವಲು, ಯಾರ ಕಡೆಗೂ ನೋಡದ ಮುಖ. ಹೆಣ್ಣನ್ನು ಕರೆತಂದು ಮಣೆಯ ಮೇಲೆ ನಿಲ್ಲಿಸಿದ. ಧಾರೆಯ ಹೊತ್ತಿಗೆ ಸಾಲಿನಲ್ಲಿ ಬಂದು, ಚೊಂಬಿನಿಂದ ಹಾಲು ಬಿಟ್ಟು, ಚೊಂಬನ್ನು ಕೆಳಗಿಟ್ಟು, ಅಕ್ಕನನ್ನು ದಾಟಿ ಮೆಟ್ಟಿಲಿಳಿದು ಹೊರಟುಹೋದ. ಊಟ ಮಾಡಲಿಲ್ಲ. ಗೌರಕ್ಕ ಮಗಳ ಕೈಕೆಳಗೆ ಕೈ ಕೊಟ್ಟು ತಲೆ ಬಗ್ಗಿಸಿ ನಿಂತಿದ್ದಳು. ತಾಯಿಯಾದವಳು ಧಾರೆ ಮುಗಿಯುವವರೆಗೆ ಹಾಗೇ ನಿಲ್ಲಬೇಕು. ಅವಳು ಕಂಡದ್ದು ತಮ್ಮನ ಕೈಯನ್ನು ಮಾತ್ರ.

ಶಿವರಾತ್ರಿ ಕಳೆದ ಮೇಲೆ ಪೆನ್‌ಡ್ರೈವು ಕೊಟ್ಟುಬಂದೆ. ಎರಡು ದಿನ ಬಿಟ್ಟು ರೂಪಳ ಗಂಡ ಫೋನು ಮಾಡಿದ. ದೇವನಹಳ್ಳಿಯ ಹೋಟೆಲೊಂದರಲ್ಲಿ ಕೆಲಸ, ಮಾತು ನುಣುಪು.

'ಅಣ್ಣ, ವಿಡಿಯೋ ನೋಡಿದ್ವಿ. ನಮ್ಮಪ್ಪ ತಮಟೆಗೆ ಕುಣಿದಿದ್ರಲ್ಲ, ಅವ್ರನ್ನ ಈರುಳ್ಳಿ ಹೆಚ್ಚಿದಂಗೆ ಹೆಚ್ಚಾಕಿದ್ದೀರಲ್ಲ. ಕೈಯೆತ್ತಿದ್ರೆ ಬಾಚಣಿಗೆ ಹಲ್ಲು, ಕಾಲೆತ್ತಿದ್ರೆ ಬಾಚಣಿಗೆ ಹಲ್ಲು.'

'ನಿಮ್ ಫೋನು ನೋಡ್ಕೊಳಿ ಸ್ವಾಮಿ,' ಅಂದೆ.

'ನಮ್ಮನೇಲಿ ಎಲ್ಲಾ ಫೋನಲ್ಲೂ ನೋಡಿದ್ವಿ ಅಣ್ಣ. ನಿಂತಾಗ ಎಲ್ರೂ ನೆಟ್ಟಗವ್ರೆ. ಅಲ್ಲಾಡಿದ್ರೆ ಹರಿದೋಗ್ತಾರೆ. ನಮ್ ಫ್ರೆಂಡ್ ಒಬ್ಬ ಇದಾನೆ, ಡ್ರೋನ್ ಎಲ್ಲಾ ಇಟ್ಟಿದಾನೆ. ಮುಂದಿನ ಫಂಕ್ಷನ್‌ಗೆ ಅವ್ನಿಗೇ ಹೇಳ್ತೀವಿ, ಬೇಜಾರು ಮಾಡ್ಕೋಬೇಡಿ.'

ಬೇಜಾರಲ್ಲ, ಮೈ ಉರಿಯಿತು. ಅವನು ಹೇಳಿದ್ದು ನಿಜವಾಗಿತ್ತು, ಉರಿಗೆ ಅದೇ ಕಾರಣ. ನನ್ನ ಫೋನಿನಲ್ಲೂ ಹಾಗೇ ಇತ್ತು. ಮನೆಯ ಹಳೆಯ ಟಿವಿಯಲ್ಲಿ ಅದೇ ಕ್ಯಾಮೆರಾದ ಡಿವಿಡಿ ಹಾಕಿದರೆ ನೀರು ಹರಿದ ಹಾಗೆ ಓಡುತ್ತಿತ್ತು. ಫೋನಿನಲ್ಲಿ ಮಾತ್ರ ಓಡಿದವರ ಅಂಚಿಗೆಲ್ಲ ಗರಗಸದ ಹಲ್ಲು. ಮುಂದಿನ ಎರಡು ಮದುವೆಯವರೂ ಅದನ್ನೇ ಹೇಳಿದರು. ಆಗಷ್ಟೇ ತೆಗೆದಿದ್ದ ಮದುವೆಯ ಮೆಮೊರಿ ಕಾರ್ಡು ತೆಗೆದುಕೊಂಡು ಸತೀಶನ ಲ್ಯಾಬಿಗೆ ಹೋದೆ. ಅವನು ತೆರೆಯನ್ನು ಅರ್ಧ ನೋಡಿ ಕುರ್ಚಿ ತಿರುಗಿಸಿದ.

'ಕ್ಯಾಮೆರಾ ಸೆನ್ಸರು ಹೋಗಿದೆ ಮುನಿರಾಜಣ್ಣ. ಗೆರೆ ಬಂತು ಅಂದ್ರೆ ಮುಗೀತು ಅಂತ.'

'ಟಿವೀಲಿ ಚೆನ್ನಾಗಿ ಬರ್ತೈತಲ್ಲ?'

'ಟಿವಿಗೆ ಗೊತ್ತಾಗಲ್ಲ. ಅದೆಲ್ಲಾ ಟೆಕ್ನಿಕಲ್, ನಿಮಗೆ ಅರ್ಥ ಆಗಲ್ಲ ಬಿಡಿ. ಇದನ್ನ ನನಗೇ ಕೊಟ್ಬಿಡಿ, ಎಕ್ಸ್‌ಚೇಂಜಲ್ಲಿ ಹೊಸದು ಕೊಡಿಸ್ತೀನಿ.'

ಆ ಕ್ಯಾಮೆರಾ ನನ್ನ ಎಡಗೈಯ ಹಾಗೆ. ಕತ್ತಲೆಯಲ್ಲಿ ಮುಟ್ಟಿದರೆ ಯಾವ ಗುಂಡಿ ಎಲ್ಲಿದೆ ಅಂತ ಬೆರಳಿಗೆ ಗೊತ್ತು. ಅದನ್ನು ಕೊಡುವುದೆಂದು ತೀರ್ಮಾನಿಸಿ, ಚೀಲಕ್ಕೆ ಹಾಕಿ, ಕೊಡಲು ಮನಸ್ಸಾಗದೆ ಒಂದು ವಾರ ನನ್ನ ಫೋಟೋ ಅಂಗಡಿಯ ಮೂಲೆಯಲ್ಲಿ ಇಟ್ಟೆ. ಸೀಸನ್ನಿನ ನಡುವೆ ಒಂದು ಮದುವೆಯನ್ನು ಸತೀಶನೇ ಕೊಟ್ಟ ಬಾಡಿಗೆ ಕ್ಯಾಮೆರಾದಲ್ಲಿ ತೆಗೆದೆ. ಪರರ ಚಪ್ಪಲಿ ಮೆಟ್ಟಿ ನಡೆದ ಹಾಗಿತ್ತು.

ಯುಗಾದಿ ಕಳೆದು ಬಿಸಿಲು ಏರಿದ್ದ ದಿನಗಳಲ್ಲಿ ಕೆಂಪಣ್ಣ ಸತ್ತ. ತೋಟದಲ್ಲಿ ನೀರು ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ, ಏಳಲಿಲ್ಲ. ತಿಥಿ ಮುಗಿದ ಮೇಲೆ ಗೌರಕ್ಕ ಬಸ್ಸು ಹಿಡಿದು ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಮಗಳ ಫೋನು. ನೀರು ಕೊಟ್ಟರೆ ಕುಡಿಯಲಿಲ್ಲ.

'ಮುನಿರಾಜು, ನನ್ ತಮ್ಮ ನಿನ್ ಕ್ಯಾಮೆರಾ ಮುಂದೇನೇ ಇಳಿದು ಹೋದ್ನಲ್ಲಪ್ಪ. ನನ್ ಕಡೆ ತಿರುಗಿದ್ನಾ ಇಲ್ವಾ, ಅಷ್ಟು ಹೇಳು.'

'ಯಾಕಕ್ಕ?'

'ಊರೋರೆಲ್ಲ ಅಕ್ಕನ ಮುಖಾನೂ ನೋಡ್ದೆ ಹೋದ ಅಂತಾರೆ. ಅವನ ಹೆಂಡ್ತಿ ತಿಥಿ ದಿನಾನೂ ಅದೇ ಅಂದ್ಲು, ಎಲ್ರೆದುರಿಗೆ. ನಾನು ತಲೆ ಎತ್ತೋ ಹಂಗಿರಲಿಲ್ಲ. ಇದರಲ್ಲಿ ನೋಡಿದ್ರೆ ಒಂದ್ಸಲ ತಿರುಗಿದಂಗೆ ಕಾಣ್ತದೆ, ಒಂದ್ಸಲ ಇಲ್ಲ. ಮುಖಾನೇ ಇಲ್ಲ ಅಲ್ಲಿ. ಬರೀ ಗೆರೆ.'

ನಾನೂ ನೋಡಿದೆ. ಕೆಂಪಣ್ಣ ಚೊಂಬು ಇಡುವವರೆಗೆ ಸರಿಯಾಗಿದ್ದ. ಹೊರಟ ತಕ್ಷಣ ಅವನ ಮುಖ ಹರಿದು ಎರಡೆರಡಾಗಿ, ಮಸಿ ಒರೆಸಿದ ಹಾಗೆ ಆಗುತ್ತಿತ್ತು. ನಿಲ್ಲಿಸಿದರೆ ಮೂಗು ಎಲ್ಲಿ, ಕಣ್ಣು ಎಲ್ಲಿ ಅಂತ ಹೇಳುವಂತಿರಲಿಲ್ಲ. ಸತ್ತವನು ಇನ್ನೊಂದು ಸಲ ಬಂದು ತೋರಿಸುವುದಿಲ್ಲ. ಇದ್ದ ಒಂದೇ ಸಾಕ್ಷಿ ನನ್ನ ಕೈಯಲ್ಲಿ ಕೆಟ್ಟಿತ್ತು.

'ಫೋನು ಬಿಟ್ಟು ಹೋಗಕ್ಕ, ನೋಡ್ತೀನಿ,' ಅಂದೆ. ಏನು ನೋಡುವುದು ಅಂತ ನನಗೇ ಗೊತ್ತಿರಲಿಲ್ಲ.

ಅದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ ಒಂದೊಂದೇ ಚಿತ್ರ ಮುಂದೆ ತಳ್ಳುತ್ತ ಕೂತಿದ್ದಾಗ ಹಿಂದಿನ ಬೀದಿಯ ಶಶಿಕಲಾ ಮಗಳ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದಳು. ಮದುವೆಗೆ ಮುಂಚೆ ಬೆಂಗಳೂರಿನ ಟಿವಿ ಚಾನೆಲ್ಲೊಂದರ ಎಡಿಟಿಂಗ್ ಕೋಣೆಯಲ್ಲಿದ್ದವಳು. ಅದನ್ನೇ ಓದಿ ಬಂದವಳು. ತೆರೆಯ ಮೇಲೆ ಕಣ್ಣು ಹಾಯಿಸಿ, 'ಅಣ್ಣ, ಇದನ್ನ ಡಿಇಂಟರ್‌ಲೇಸ್ ಮಾಡಿಲ್ವಾ?' ಅಂದಳು.

'ಅದೇನಮ್ಮ ಅದು, ಬೈಗುಳಾನಾ?'

ನಕ್ಕಳು. 'ಕ್ಯಾಮೆರಾ ಹೋಗಿದೆಯಂತೆ,' ಅಂದೆ.

'ಯಾರಂದ್ರು? ಕ್ಯಾಮೆರಾ ಚೆನ್ನಾಗೇ ಇದೆ. ನೀವು ಮಗ್ಗದಲ್ಲಿದ್ರಲ್ಲ, ಹಾಸಿನ ಎಳೆ ಎಲ್ಲಾ ಒಟ್ಟಿಗೇ ಮೇಲೇಳುತ್ತಾ?'

'ಎಲ್ಲಾ ಒಟ್ಟಿಗೆದ್ರೆ ಬಟ್ಟೆ ಎಲ್ಲಾಗುತ್ತೆ? ಒಂದು ಬಿಟ್ಟು ಒಂದು ಏಳಬೇಕು. ಆಮೇಲೆ ಉಳಿದಿದ್ದು.'

'ನಿಮ್ ಕ್ಯಾಮೆರಾನೂ ಅದನ್ನೇ ಮಾಡ್ತಿರೋದು.'

ಅವಳು ಹೇಳಿದ್ದು ಇಷ್ಟು. ಚಿತ್ರ ಅಂದರೆ ಅಡ್ಡಗೆರೆಗಳ ಸಾಲು. ನನ್ನ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಏಟಿಗೆ ತೆಗೆಯುವುದಿಲ್ಲ. ಮೊದಲು ಬೆಸ ಗೆರೆಗಳನ್ನು ಮಾತ್ರ ತೆಗೆಯುತ್ತದೆ, ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಕಳೆದ ಮೇಲೆ ಸಮ ಗೆರೆಗಳನ್ನು. ಒಂದೊಂದು ಅರ್ಧಕ್ಕೂ ಫೀಲ್ಡ್ ಅನ್ನುತ್ತಾರೆ, ಹೀಗೆ ಹೆಣೆಯುವುದಕ್ಕೆ ಇಂಟರ್‌ಲೇಸ್. ಹಳೆಯ ಟಿವಿ ಈ ಅರ್ಧಗಳನ್ನು ಬಂದ ಸರದಿಯಲ್ಲೇ ತೋರಿಸುತ್ತದೆ, ಅದಕ್ಕೇ ಅಲ್ಲಿ ನೀರು ಹರಿದ ಹಾಗೆ. ಫೋನಿನ ಕಥೆ ಬೇರೆ. ಅದಕ್ಕೆ ಬೇಕಾದದ್ದು ಮೇಲಿನಿಂದ ಕೆಳಗಿನವರೆಗೆ ಒಂದೇ ಕ್ಷಣದ ಇಡೀ ಚಿತ್ರ. ಅದು ಪ್ರೋಗ್ರೆಸಿವ್, ಹೊಸ ಹುಡುಗರ ಕ್ಯಾಮೆರಾದ ದಾರಿ. ನನ್ನ ಎರಡು ಅರ್ಧಗಳನ್ನು ಹಾಗೇ ಒತ್ತಿ ಒಂದು ಚಿತ್ರ ಅಂತ ಕೊಟ್ಟರೆ ಏನಾಗುತ್ತದೆ? ನಿಂತವನು ಎರಡು ಅರ್ಧದಲ್ಲೂ ಒಂದೇ ಜಾಗದಲ್ಲಿರುತ್ತಾನೆ, ನೆಟ್ಟಗೆ ಕಾಣುತ್ತಾನೆ. ನಡೆಯುವವನು ಬೆಸ ಗೆರೆಯಲ್ಲಿ ಇಲ್ಲಿ, ಸಮ ಗೆರೆಯಲ್ಲಿ ಅಲ್ಲಿ. ಬಾಚಣಿಗೆಯ ಹಲ್ಲು ಅಂದರೆ ಅದು. ಮಾಡಬೇಕಾದದ್ದು, ಎರಡನ್ನೂ ಬೇರೆ ಬೇರೆ ಬಿಡಿಸಿ, ನಡುವೆ ಖಾಲಿ ಉಳಿದ ಗೆರೆಗಳನ್ನು ತುಂಬಿ, ಪ್ರತಿ ಅರ್ಧವನ್ನೂ ಒಂದು ಪೂರ್ತಿ ಚಿತ್ರ ಮಾಡುವುದು.

ಮಗ್ಗದ ಮುಂದೆ ನಿಂತವನಿಗೆ ಇದರಲ್ಲಿ ತಿಳಿಯದೇ ಇರುವುದು ಏನಿದೆ? ಫೋಟೋ ಪ್ರಿಂಟಾಗಿ ಆರುವಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು, ನಾನು ತಿಳಿದು ಮುಗಿಸಿದ್ದೆ. ವರ್ಷಗಟ್ಟಲೆ ಆ ಲ್ಯಾಬಿನ ಬಾಗಿಲಿಗೆ ನಡೆದಿದ್ದೇನೆ. ಅಲ್ಲಿ ಯಾರ ಬಾಯಿಂದಲೂ ಈ ಮಾತು ಬಂದಿರಲಿಲ್ಲ.

'ಈ ಫೋನಿನದು ಉಪಯೋಗಕ್ಕಿಲ್ಲ ಅಣ್ಣ,' ಅಂದಳು ಶಶಿಕಲಾ. 'ಹೆಣೆದಿದ್ದನ್ನ ಹಂಗೇ ಕಲಸಿ ಕುಗ್ಗಿಸಿದಾರೆ, ಇನ್ನು ಬಿಡಿಸೋಕಾಗಲ್ಲ. ಕ್ಯಾಮೆರಾದಿಂದ ಬಂದ ಒರಿಜಿನಲ್ ಎಲ್ಲಿದೆ?'

ನನ್ನ ಕಾರ್ಡಿನಲ್ಲಿ ಇರಲಿಲ್ಲ. ಲ್ಯಾಬಿನ ಡಿಸ್ಕಿಗೆ ಇಳಿಸಿದ ದಿನವೇ ಕಾರ್ಡು ಅಳಿಸಿ ಮುಂದಿನ ಮದುವೆಗೆ ಹಾಕುವುದು ನಮ್ಮ ಪದ್ಧತಿ. ಎಲ್ಲರೂ ಮಾಡುವುದು ಹಾಗೆಯೇ. ಲ್ಯಾಬಿನವನೂ ಜಾಗ ಸಾಲದೆ ಬಂದಾಗ ಹಳೆಯ ಮದುವೆಗಳನ್ನು ಅಳಿಸುತ್ತ ಬರುತ್ತಾನೆ. ವೈಶಾಖದ ಮದುವೆಗಳು ಶುರುವಾಗಿದ್ದವು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಲ್ಯಾಬಿನ ಮುಂದೆ ನಿಂತಿದ್ದೆ. ಸತೀಶ ಬಂದ, ನನ್ನ ಬರಿಗೈ ನೋಡಿದ.

'ಕ್ಯಾಮೆರಾ ತರ್ಲಿಲ್ವಾ ಅಣ್ಣ?'

'ತೂಬಗೆರೆ ಮದುವೆದು ಒರಿಜಿನಲ್ ಕೊಡು.'

'ಅದ್ಯಾಕೆ ಈಗ? ಮಾಘದ್ದೆಲ್ಲ ಇವತ್ತು ತೆಗೀಬೇಕು ಅಂತಿದ್ದೆ. ಅದರಲ್ಲೂ ಅದೇ ಗೆರೆನೇ ಇರೋದು.'

'ಗೆರೆ ಅಲ್ಲ, ಫೀಲ್ಡು. ಬಿಡಿಸ್ಬೇಕಾಗಿತ್ತು, ನೀನು ಬಿಡಿಸ್ಲಿಲ್ಲ.'

ಅವನು ನಾಚಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕುರ್ಚಿಯಲ್ಲಿ ಕೂತು, ಮೇಜಿನ ಧೂಳು ಒರೆಸುತ್ತ ಅಂದ, 'ಓ, ಯಾರೋ ಹೇಳ್ಕೊಟ್ಟಿದಾರೆ. ಗೊತ್ತು ಗುರು, ಹೊಸ ವಿಷಯ ಏನಲ್ಲ ಅದು. ಬಿಡಿಸೋಕೆ ಹಾಕಿದ್ರೆ ಮಿಷಿನ್ನು ಒಂದೊಂದು ಮದುವೆಗೆ ದಿನಗಟ್ಟಲೆ ತಗೊಳುತ್ತೆ. ಸೀಸನ್ನಲ್ಲಿ ಆಗುತ್ತಾ?'

'ಮತ್ತೆ ಸೆನ್ಸರು ಹೋಗಿದೆ ಅಂದೆ?'

'ಹಂಗಂದ್ರೆ ಬೇಗ ಮುಗಿಯುತ್ತೆ. ಎಂಟನೇ ಕ್ಲಾಸು ಓದಿರೋರಿಗೆ ಇಂಟರ್‌ಲೇಸು, ಪ್ರೋಗ್ರೆಸಿವ್ ಅಂತ ಪಾಠ ಮಾಡ್ಕೊಂಡು ಕೂತ್ಕೊಳ್ಲಾ? ತಪ್ಪು ತಿಳೀಬೇಡಿ ಅಣ್ಣ.'

ಆಗ ಅವನ ಹಿಂದಿನ ಕಪಾಟು ಕಣ್ಣಿಗೆ ಬಿತ್ತು. ಅಷ್ಟು ವರ್ಷ ನೋಡಿಯೂ ನೋಡದ ಕಪಾಟು. ನನ್ನ ಕ್ಯಾಮೆರಾದಂಥವೇ ನಾಲ್ಕಾರು ಸಾಲಾಗಿ ಕೂತಿದ್ದವು. ಒಂದರ ಪಟ್ಟಿಯ ಮೇಲೆ ನನಗೆ ಗೊತ್ತಿದ್ದ ಒಬ್ಬ ಹಳ್ಳಿ ವಿಡಿಯೋದವನ ಅಂಗಡಿಯ ಹೆಸರು ಇನ್ನೂ ಹಾಗೇ ಇತ್ತು. ಸೆನ್ಸರು ಹೋಯಿತೆಂದು ಅವನೂ ಕೊಟ್ಟುಹೋಗಿದ್ದ. ನಾನು ಆ ಸೀಸನ್ನಿನಲ್ಲಿ ಬಾಡಿಗೆಗೆ ತಂದದ್ದು ಇದೇ ಕಪಾಟಿನಿಂದ.

'ಹೇಳಿ ನೋಡ್ಬೇಕಾಗಿತ್ತು,' ಅಂದೆ. 'ಹೇಳಿದ್ಮೇಲೂ ತಿಳೀಲಿಲ್ಲ ಅಂದ್ರೆ ನಾನು ದಡ್ಡ. ಹೇಳ್ದೇ ಇದ್ರೆ ನೀನು ಕಳ್ಳ.'

'ಮಾತು ನೋಡ್ಕೊಂಡು ಆಡಿ.'

'ಆಡ್ತೀನಿ. ನಿನ್ ಅಂಗಡಿ ತುಂಬ್ಸಿದ್ದು ನಾವು, ಎಂಟನೇ ಕ್ಲಾಸು ಓದಿರೋರು. ಒರಿಜಿನಲ್ ಕೊಡೋವರ್ಗೂ ಇಲ್ಲಿಂದ ಏಳಲ್ಲ.'

ಬಾಗಿಲಿಗೆ ಅಡ್ಡವಾಗಿ ಸ್ಟೂಲು ಎಳೆದು ಕೂತೆ. ಬಂದ ಗಿರಾಕಿಗಳಿಗೆಲ್ಲ ಕಪಾಟು ತೋರಿಸಿ, ಅವುಗಳಿಗೆ ಏನಾಗಿದೆ, ಅಥವಾ ಏನಾಗಿಲ್ಲ ಅಂತ ಜೋರಾಗಿ ವಿವರಿಸಿದೆ. ಮಗ್ಗದ ಸದ್ದಿನಲ್ಲಿ ಬೆಳೆದ ಗಂಟಲು ನನ್ನದು, ಬೀದಿಗೂ ಕೇಳಿಸಿತು. ಊಟದ ಹೊತ್ತಿಗೆ ಸತೀಶ ಡಿಸ್ಕು ಚುಚ್ಚಿ, ತೂಬಗೆರೆಯ ಮದುವೆಯನ್ನು ನನ್ನ ಡ್ರೈವಿಗೆ ಇಳಿಸಿ ಮೇಜಿನ ಮೇಲೆ ಕುಕ್ಕಿದ. ನಾನು ಆಮೇಲೆ ಆ ಮೆಟ್ಟಿಲು ಹತ್ತಿಲ್ಲ. ಹತ್ತಬೇಡಿ ಅಂತ ಕಂಡವರಿಗೆಲ್ಲ ಹೇಳಿದ್ದೇನೆ.

ಶಶಿಕಲಾ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂತಳು, ಆದರೆ ಕೈಕಟ್ಟಿಕೊಂಡು. 'ಮೌಸು ನೀವೇ ಹಿಡೀರಿ. ನಾನು ಮಾಡ್ಕೊಟ್ರೆ ನಾಳೆ ಮತ್ತೆ ಇನ್ನೊಬ್ಬರ ಬಾಗಿಲಿಗೆ ಹೋಗ್ತೀರ.' ಮೊದಲ ಸಲ ಬಿಡಿಸಿದಾಗ ಹಲ್ಲು ಹೋಯಿತು, ಆದರೆ ಕೆಂಪಣ್ಣ ನಡುಗುತ್ತಿದ್ದ. ಮುಂದೆ ಹೋಗುವುದು, ಅಷ್ಟರಲ್ಲೇ ಹಿಂದೆ ಬರುವುದು, ಚಳಿಜ್ವರ ಬಂದವನ ಹಾಗೆ.

'ಸರದಿ ಉಲ್ಟಾ ಕೊಟ್ಟಿದೀರ,' ಅಂದಳು. 'ಆಮೇಲೆ ತೆಗೆದ ಅರ್ಧ ಮೊದ್ಲು ಬರ್ತಿದೆ. ಈ ಕ್ಯಾಮೆರಾದಲ್ಲಿ ಮೇಲಿನ ಗೆರೆ, ಅಂದ್ರೆ ಬೆಸ, ಮೊದ್ಲು, ಕೆಳಗಿನದು ಆಮೇಲೆ.'

ಸರದಿ ಬದಲಿಸಿದೆ. ಮಿಷಿನ್ನು ತನ್ನ ಪಾಡಿಗೆ ತೆವಳಿತು. ಹೊರಗೆ ಮೋಡ ಕಟ್ಟಿ, ಬೀದಿಯ ಧೂಳೆಲ್ಲ ಎದ್ದು, ವೈಶಾಖದ ಒಂದು ಮಳೆ ದಪ್ಪ ಹನಿಯಲ್ಲಿ ಸುರಿದು ನಿಂತಿತು. ಅಷ್ಟು ಹೊತ್ತಿಗೆ ಧಾರೆಯ ಭಾಗ ಮುಗಿದಿತ್ತು. ಚಾಲೂ ಮಾಡಿದೆ. ಹಾಲಿನ ಎಳೆ ಚೊಂಬಿನಿಂದ ಕೈವರೆಗೆ ಮುರಿಯದೆ ಇಳಿಯಿತು. ಕೆಂಪಣ್ಣ ನಡೆದ. ಸಲೀಸಾಗಿ, ತನ್ನ ನಡಿಗೆಯಲ್ಲಿ. ಅವನು ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ನಾನು ನಿಲ್ಲಿಸಿಬಿಟ್ಟೆ. ಮುಂದಿನದನ್ನು ಅವಳಿಗಿಂತ ಮೊದಲು ನೋಡುವ ಹಕ್ಕು ನನಗಿಲ್ಲ ಅನ್ನಿಸಿತು. ಶಶಿಕಲಾಳೂ ಎದ್ದಳು.

ಮರುದಿನ ಬೆಳಿಗ್ಗೆ ತೂಬಗೆರೆಗೆ ಹೋದೆ. ಗೌರಕ್ಕನ ಮನೆಯಲ್ಲಿ ರೂಪ ಇದ್ದಳು, ಸೋದರಮಾವ ಸತ್ತಾಗ ಬಂದವಳು ತಾಯಿಯ ಜೊತೆ ಉಳಿದಿದ್ದಳು. ಟಿವಿಗೆ ಡ್ರೈವು ಚುಚ್ಚಿದೆ. ಗೌರಕ್ಕ ಕುರ್ಚಿ ಬೇಡವೆಂದು ಟಿವಿಯ ಮುಂದೆ ನೆಲದ ಮೇಲೆ, ಕೈಗೆ ಸಿಗುವಷ್ಟು ಹತ್ತಿರ ಕೂತಳು.

ಕೆಂಪಣ್ಣ ಬಂದ. ಹಾಲು ಬಿಟ್ಟ. ಚೊಂಬು ಇಟ್ಟ. ಪಂಚೆ ಎತ್ತಿಕೊಂಡು ಹೊರಟ. ಮೆಟ್ಟಿಲ ಅಂಚಿಗೆ ಬಂದಾಗ, ಒಂದು ಕಾಲು ಆಗಲೇ ಕೆಳಗಿದ್ದಾಗ, ಕತ್ತು ತಿರುಗಿತು. ಹೆಣ್ಣಿನ ಕಡೆಗಲ್ಲ, ಗಂಡಿನ ಕಡೆಗಲ್ಲ. ಬಗ್ಗಿದ್ದ ಅಕ್ಕನ ತಲೆಯ ಕಡೆಗೆ. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು.

'ನಿಲ್ಸು,' ಅಂದಳು ಗೌರಕ್ಕ. ನಿಲ್ಲಿಸಿದೆ.

ಅವಳು ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಅಂದುಕೊಂಡು ರೂಪ ಪಕ್ಕಕ್ಕೆ ಬಂದು ಕೂತಳು. ಗೌರಕ್ಕ ಅಳಲಿಲ್ಲ.

'ನೋಡಿದೀಯಲ್ಲೋ,' ಅಂದಳು ತೆರೆಗೆ. 'ನೋಡ್ದೋನು ಕರೀಬಾರ್ದಿತ್ತಾ? ಅಕ್ಕಾ ಅಂದಿದ್ರೆ ನಾಲಿಗೆ ಸವೆದೋಗ್ತಿತ್ತಾ ನಿಂದು? ಬಾಯಿ ಬೇರೆ ತೆಗ್ದಿದೀಯ. ತೆಗ್ದಿದ್ದನ್ನ ಮುಚ್ಕೊಂಡು ಹೋದ್ಯಲ್ಲೋ ಹೊಲಕ್ಕೋಸ್ಕರ. ಒಂದು ತುತ್ತು ಉಣ್ಣದೆ ಹೋದ್ಯಲ್ಲೋ ನನ್ ಮಗಳ ಮದುವೇಲಿ.'

'ಅಮ್ಮ, ಬಿಡಮ್ಮ,' ಅಂದಳು ರೂಪ. 'ಸತ್ತೋರನ್ನ ಬೈಬಾರ್ದು.'

'ನೀನು ಸುಮ್ಕಿರು. ನಾನು ನನ್ ತಮ್ಮನ್ನ ಬೈತಾ ಇದೀನಿ.'

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಿಯಾಗಿ ಕೂತಳು. ಚಿಕ್ಕಂದಿನಿಂದ ಶುರು ಮಾಡಿದಳು, ಹೆಗಲ ಮೇಲೆ ಹೊತ್ತು ತಿರುಗಿದ್ದು, ಕೆರೆಗೆ ಬಿದ್ದಾಗ ಜುಟ್ಟು ಹಿಡಿದು ಎಳೆದದ್ದು, ಎಲ್ಲವನ್ನೂ. ರಿಮೋಟು ನನ್ನ ಕೈಯಲ್ಲಿತ್ತು. ನಾನು ಗುಂಡಿ ಮುಟ್ಟಲಿಲ್ಲ. ಕೆಂಪಣ್ಣ ಒಂದು ಕಾಲು ಮೆಟ್ಟಿಲಿಗೆ ಇಟ್ಟು, ಕತ್ತು ತಿರುಗಿಸಿಕೊಂಡು, ಅಕ್ಕ ಬೈದು ಮುಗಿಸುವವರೆಗೂ ಅಲ್ಲೇ ನಿಂತಿದ್ದ.